ಮಾಜಿ ಸೈನಿಕರ ಬಂಧು ಕಾರ್ಯಪ್ಪನವರು

ಪ್ರತಿವರ್ಷ ಡಿಸೆಂಬರ್ 7 ರಂದು ಸಶಸ್ತ್ರ ಪಡೆಗಳ ಧ್ವಜ ದಿನವನ್ನು ಆಚರಿಸುವುದು ವಾಚಕರಿಗೆಲ್ಲ ತಿಳಿದ ಸಂಗತಿಯೇ ಆಗಿದೆ. ಕಳೆದ ಸಲ ಕಾಲೇಜಿನಲ್ಲಿ ಡಬ್ಬಿ ಹಿಡಿದುಕೊಂಡು ತರಗತಿಯಿಂದ ತರಗತಿಗೆ ತಿರುಗಿ ಹಣ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳ ಆ ಪುಟ್ಟ ಧ್ವಜವನ್ನು ಎದೆಗೆ ಚುಚ್ಚಿಕೊಂಡೇ ಸಂಜೆ ಕೊಲ್ಹಾರದ ಮನೆಗೆ ಹೋದೆನು. ನಮ್ಮ ಕಾಕಾ ಅದನ್ನು ನೋಡಿ, ಡಬ್ಬಿಯಲ್ಲಿ ಎಷ್ಟು ಕೂಡಿತೆಂದು ಕೇಳಿದರು. ಕಾಕಾ ಹದಿನೇಳು ವರ್ಷ ಸೈನ್ಯದಲ್ಲಿದ್ದು ಬಂದವರು. ಈ ಧ್ವಜ ದಿನ ಆರಂಭವಾದುದು 1949 ರಲ್ಲೆಂದೂ, ಭಾರತದ ಭೂಸೈನ್ಯಕ್ಕೆ ಮೊದಲ ಭಾರತೀಯ ದಂಡನಾಯಕರು ದೊರೆತದ್ದೂ ಅದೇ ವರ್ಷವೆಂದೂ, ಅವರು ನಮ್ಮ ಕೊಡಗಿನವರೆಂದೂ ನನಗೆ ತಿಳಿಸಿದವರು ಅವರೇ. ಇತಿಹಾಸವನ್ನು ಐಚ್ಛಿಕವಾಗಿ ಓದುತ್ತಿರುವ ನನಗೆ ಅಂದು ನಾಚಿಕೆಯಾಯಿತು. ಆಮೇಲೆ ಗ್ರಂಥಾಲಯದಲ್ಲಿ ಕುಳಿತು ಓದಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ಕೊಡಂದೇರ ಮಾದಪ್ಪ ಕಾರ್ಯಪ್ಪನವರು 1899 ರ ಜನವರಿ 28 ರಂದು ಶನಿವಾರಸಂತೆಯಲ್ಲಿ ಜನಿಸಿದರು. ತಂದೆಯವರು ಕಂದಾಯ ಇಲಾಖೆಯಲ್ಲಿದ್ದರು. ಮಡಿಕೇರಿಯಲ್ಲಿ ಶಾಲೆ ಮುಗಿಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಕಳೆದು, ಬ್ರಿಟಿಷರು ಭಾರತೀಯ ತರುಣರಿಗೂ ಅಧಿಕಾರಿಗಳ ಹುದ್ದೆ ಕೊಡಲೊಪ್ಪಿದ್ದರು. ಇಂದೂರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಹೊಂದಿ 1919 ರಲ್ಲಿ ಹೊರಬಂದ ಮೊದಲ ತಂಡದಲ್ಲಿ ಕಾರ್ಯಪ್ಪನವರೂ ಒಬ್ಬರು. ಆಗ ಅವರಿಗೆ ಇಪ್ಪತ್ತು ವರ್ಷ. ಈಗ ನನಗಿರುವ ವಯಸ್ಸು.

ಮುಂದಿನ ಮೂವತ್ತು ವರ್ಷಗಳ ಕಥೆಯಲ್ಲಿ ಮೊದಲ ಭಾರತೀಯ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ 1933 ರಲ್ಲಿ ಹೋದ ಮೊದಲ ಭಾರತೀಯ ಅಧಿಕಾರಿ ಅವರು. 1942 ರಲ್ಲಿ ಒಂದು ಬೆಟಾಲಿಯನ್ನಿನ ಮುಖ್ಯಸ್ಥರಾದ ಮೊದಲ ಭಾರತೀಯರೂ ಅವರೇ. ಸ್ವಾತಂತ್ರ್ಯ ಬಂದ ಬಳಿಕ ಕಾಶ್ಮೀರದ ಕದನದಲ್ಲಿ ಪಶ್ಚಿಮ ವಿಭಾಗದ ಸೇನೆಯ ಹೊಣೆ ಅವರ ಮೇಲೆ ಬಿತ್ತು. 1948 ರ ನವೆಂಬರಿನಲ್ಲಿ ಹಿಮದ ನಡುವೆ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಲೇಹ್ ದಾರಿಯನ್ನು ತೆರೆದಾಗ, ಅಲ್ಲಿ ಮುಂದೆ ನಿಂತವರು ಜನರಲ್ ತಿಮ್ಮಯ್ಯನವರು, ಮೇಲಿನ ಹೊಣೆ ಕಾರ್ಯಪ್ಪನವರದು. ಇಬ್ಬರೂ ಒಂದೇ ಪುಟ್ಟ ಕೊಡಗಿನವರು! 1949 ರ ಜನವರಿ 15 ರಂದು ಜನರಲ್ ಬುಚರ್ ಎಂಬ ಆಂಗ್ಲ ಸೇನಾಪತಿಯಿಂದ ಅವರು ಅಧಿಕಾರ ವಹಿಸಿಕೊಂಡರು. ಆ ದಿನವೇ ಸೇನಾ ದಿನವಾಗಿ ಆಚರಣೆಯಲ್ಲಿದೆ.

ಶಾಲೆಯ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ನನಗಾದರೋ ಮನಸ್ಸಿಗೆ ಹತ್ತಿದ ಭಾಗ ಇಲ್ಲಿಂದ ಮುಂದಿನದು. 1953 ರಲ್ಲಿ ಅವರು ನಿವೃತ್ತರಾದರು. ಬಳಿಕ 1956 ರ ವರೆಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳಲ್ಲಿ ಭಾರತದ ಹೈಕಮಿಶನರಾಗಿದ್ದರು. ಮಡಿಕೇರಿಯಲ್ಲಿ ರೋಶನಾರಾ ಎಂಬ ಮನೆಯಿತ್ತು, ಕೀರ್ತಿಯಿತ್ತು. ತೋಟ ನೋಡಿಕೊಂಡು ಸುಖವಾಗಿ ಇರಬಹುದಾಗಿತ್ತು. ಅವರು 1971 ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತದ್ದೂ ಉಂಟು. ರಾಜಕೀಯದ ವಿಷಯವಾಗಿ ಅವರು ತಳೆದ ನಿಲುವುಗಳೆಲ್ಲ ನನಗೆ ಒಪ್ಪಿಗೆಯಾದವೆಂದು ಹೇಳಲಾರೆ. ಆದರೆ 1964 ರಲ್ಲಿ, ಅರವತ್ತೈದರ ವಯಸ್ಸಿನಲ್ಲಿ, ಅವರು ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಎಂಬ ಮಾಜಿ ಸೈನಿಕರ ಸಂಘಟನೆಯನ್ನು ಕಟ್ಟಿದರು.

ಇದರಲ್ಲೇನು ವಿಶೇಷವೆಂದು ಕೆಲವರು ಕೇಳಬಹುದು. ಸಾಮಾನ್ಯ ನೌಕರನು ಅರವತ್ತರ ಸುಮಾರಿಗೆ ನಿವೃತ್ತನಾದರೆ, ಜವಾನನು ಮೂವತ್ತೈದು ನಲವತ್ತಕ್ಕೇ ಮನೆಗೆ ಬರುತ್ತಾನೆ. ಮಕ್ಕಳಿನ್ನೂ ಶಾಲೆಯಲ್ಲಿರುತ್ತಾರೆ, ಅವನು ಕಲಿತ ವಿದ್ಯೆಗೆ ಊರಿನಲ್ಲಿ ಗಿರಾಕಿಯಿಲ್ಲ. ದೊಡ್ಡ ಅಧಿಕಾರಿಗೆ ಪರಿಚಯಗಳಿರುತ್ತವೆ, ಇಂಗ್ಲಿಷ್ ಇರುತ್ತದೆ. ಜವಾನನಿಗೆ ಇರುವುದು ಒಂದು ಟ್ರಂಕು ಮತ್ತು ಡಿಸ್ಚಾರ್ಜ್ ಪುಸ್ತಕ. ದಂಡನಾಯಕನೇ ಬಂದು ಅವನ ಪಕ್ಕದಲ್ಲಿ ಮಾಜಿ ಸೈನಿಕನಾಗಿ ಕುಳಿತರೆ ಅದರಿಂದ ಆಗುವ ಬಲ ಸಣ್ಣದಲ್ಲ.

ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕಾಕಾ 1993 ರಲ್ಲಿ ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರದಲ್ಲಿ ಭರ್ತಿಯಾಗಿ, 2010 ರಲ್ಲಿ ಮರಳಿದರು. ಅಷ್ಟರೊಳಗೆ ಆಲಮಟ್ಟಿಯ ಹಿನ್ನೀರು ಹಳೆಯ ಕೊಲ್ಹಾರವನ್ನೂ ಕೃಷ್ಣೆಯ ದಂಡೆಯ ನಮ್ಮ ಹೊಲವನ್ನೂ ನುಂಗಿತ್ತು. ಪರಿಹಾರದ ಹಣ ಎಂದೋ ಕರಗಿತ್ತು. ಕಾಕಾ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತರು, ಈಗಲೂ ನಿಲ್ಲುತ್ತಾರೆ. ಅವರ ದಾಖಲೆಯಲ್ಲಿ ಚಿಗವ್ವನ ಹೆಸರು ತಪ್ಪಾಗಿ ಬಿದ್ದಿದೆ. ಅದನ್ನು ತಿದ್ದಿಸದಿದ್ದರೆ ನಾಳೆ ಅವಳಿಗೆ ಕುಟುಂಬ ಪಿಂಚಣಿ ಸಿಗುವುದು ಕಷ್ಟ. ಒಂದು ಕಚೇರಿಯಿಂದ ಬಂದ ಇಂಗ್ಲಿಷ್ ಪತ್ರ ಎರಡು ವರ್ಷ ಮಾಡದ ಮೇಲೆ ಬಿದ್ದಿತ್ತು. ಓದುವವರು ಮನೆಯಲ್ಲಿ ಯಾರೂ ಇರಲಿಲ್ಲ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಮ್ಮ ಮನೆತನಕ್ಕೆ ನಾನೇ ಮೊದಲಿಗನು. ನಿಘಂಟು ಇಟ್ಟುಕೊಂಡು ಅದನ್ನು ಓದಿ, ವಿಜಯಪುರದ ಒಬ್ಬ ವೃದ್ಧ ಮಾಜಿ ಸುಬೇದಾರರು ಹೇಳಿಕೊಟ್ಟಂತೆ ಅರ್ಜಿ ಬರೆದೆನು. ಆ ಸುಬೇದಾರರು ಹಾಗೆ ಎಷ್ಟು ಜನರ ಅರ್ಜಿ ಬರೆಸಿದ್ದಾರೋ! ಚಹದ ಹಣವನ್ನೂ ನಮ್ಮಿಂದ ಕೊಡಗೊಡಲಿಲ್ಲ.

ಕಾರ್ಯಪ್ಪನವರ ಬಾಳಿನ ಇನ್ನೊಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. 1965 ರ ಯುದ್ಧದ ಕೊನೆಯಲ್ಲಿ ವಾಯುಪಡೆಯಲ್ಲಿದ್ದ ಅವರ ಮಗನ ವಿಮಾನ ಉರುಳಿ, ಆತ ಪಾಕಿಸ್ತಾನದ ಸೆರೆಯಾದನು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನರು ದೇಶ ಒಡೆಯುವ ಮೊದಲು ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಮಗನನ್ನು ಬಿಡಿಸಿ ಕಳಿಸುವೆನೆಂದು ಅವರು ಹೇಳಿಕಳಿಸಿದರು. ಸೆರೆಯಲ್ಲಿರುವ ಎಲ್ಲ ಸೈನಿಕರೂ ತನ್ನ ಮಕ್ಕಳೇ, ಒಬ್ಬನಿಗೆ ಮಾತ್ರ ವಿಶೇಷ ಬೇಡವೆಂದು ತಂದೆ ತಿಳಿಸಿದರು. ಮಗ 1966 ರ ಆರಂಭದಲ್ಲಿ ಮರಳಿದನು. ಇದನ್ನು ಕಾಕಾನಿಗೆ ಓದಿ ಹೇಳಿದಾಗ ಅವರು ತುಸು ಹೊತ್ತು ಸುಮ್ಮನಿದ್ದರು. ಚಿಗವ್ವ ಮಾತ್ರ, ಆ ಹುಡುಗನ ತಾಯಿ ಏನಂದಳೆಂದು ಕೇಳಿದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

1986 ರಲ್ಲಿ ಭಾರತ ಸರಕಾರವು ಅವರಿಗೆ ಫೀಲ್ಡ್ ಮಾರ್ಷಲ್ ಪದವಿಯನ್ನಿತ್ತಿತು. ಈ ಪದವಿಗೆ ನಿವೃತ್ತಿಯಿಲ್ಲ. ಪಡೆದವರು ಕೊನೆಯುಸಿರಿನ ವರೆಗೂ ಸೇವೆಯಲ್ಲಿದ್ದಂತೆಯೇ. ಹೀಗಾಗಿ ಮಾಜಿ ಸೈನಿಕರ ಸಂಘ ಕಟ್ಟಿದವರು ಎಂಬತ್ತೇಳನೆಯ ವಯಸ್ಸಿನಲ್ಲಿ ತಾವೇ ಮಾಜಿಯಾಗಿ ಉಳಿಯಲಿಲ್ಲ. 1993 ರ ಮೇ 15 ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಮಡಿಕೇರಿಯಲ್ಲಿ ನಡೆಯಿತು.

ಚಿಗವ್ವನ ಹೆಸರು ತಿದ್ದಿದ ಕಾಗದ ಇನ್ನೂ ಬಂದಿಲ್ಲ. ಪರೀಕ್ಷೆ ಮುಗಿದ ಮರುದಿನವೇ ಕಾಕಾನೊಡನೆ ಮತ್ತೊಮ್ಮೆ ವಿಜಯಪುರಕ್ಕೆ ಹೋಗುವವನಿದ್ದೇನೆ.