ಗುಣವಾಗದವರ ಬಳಿ ಕುಳಿತವರು

ನಮ್ಮ ಸಂತೆಕಟ್ಟೆಯ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳು ಗಲ್ಫಿನಲ್ಲಿ. ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳಲು ಒಬ್ಬರೇ. ಸಿಟ್ಟು ಬಂದರೆ ಪಾಪವಾಯಿತೋ ಎಂದು ಅವರು ನೊಂದುಕೊಳ್ಳುತ್ತಾರೆ. ಅಂಥವರು ಫಾದರ್ ಅಗಸ್ಟಸ್ ಮುಲ್ಲರರನ್ನು ನೆನೆಯಲಿ.

1841ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಈ ಯೇಸುಸಭೆಯ ಗುರುಗಳು 1878ರಲ್ಲಿ ಮಂಗಳೂರಿಗೆ ಬಂದರು. 1880ರಲ್ಲಿ ಕಂಕನಾಡಿಯ ಆಲದ ಮರದಡಿ ಬಡರೋಗಿಗಳಿಗೆ ಹೋಮಿಯೋಪಥಿ ಔಷಧಿ ಕೊಡತೊಡಗಿದರು. ಕುಷ್ಠರೋಗಿಗಳ ಸೇವೆಯಲ್ಲಿ ಅದೇ ರೋಗಕ್ಕೆ ತುತ್ತಾದ ಮೊಲೊಕಾಯಿಯ ಸಂತ ದಾಮಿಯನ್ 1889ರಲ್ಲಿ ತೀರಿಕೊಂಡರು. ಮರುವರ್ಷವೇ ಮುಲ್ಲರರು ಕುಷ್ಠರೋಗಿಗಳಿಗೆ ಆಶ್ರಯಧಾಮ ತೆರೆದರು. ಆ ರೋಗವನ್ನು ಗುಣಪಡಿಸುವ ಮದ್ದು ಆಗ ಇರಲಿಲ್ಲ. ಹುಣ್ಣು ತೊಳೆದು, ಅನ್ನ ಕೊಟ್ಟು, ಬಳಿಯಲ್ಲಿ ಇರುವುದೇ ಆರೈಕೆ. 1902ರಲ್ಲಿ ಪ್ಲೇಗ್ ರೋಗಿಗಳಿಗೂ ಆಸ್ಪತ್ರೆಯಾಯಿತು. 1910ರ ನವೆಂಬರ್ 1, ಸಕಲ ಸಂತರ ಹಬ್ಬದಂದು ಅವರು ದೈವಾಧೀನರಾದರು.

ಗುಣವಾಗದವರ ಆರೈಕೆ ಸೋಲಲ್ಲ. ಆದರೆ ಅಂಥ ಧಾಮ ಒಬ್ಬರ ಕೈಯಿಂದ ನಡೆಯುವಂಥದ್ದಲ್ಲ, ಮನೆಯೂ ಅಷ್ಟೇ. ದಣಿದವರ ಸಿಟ್ಟು ಪ್ರೀತಿ ಬತ್ತಿದ ಗುರುತಲ್ಲ, ಹೊರೆ ಒಂದೇ ಹೆಗಲಿಗೆ ಬಿದ್ದ ಗುರುತು. ನೆರೆಯವರೇ, ಈ ಭಾನುವಾರ ಒಂದು ಗಂಟೆ ಆ ಹಾಸಿಗೆಯ ಬಳಿ ನೀವು ಕುಳಿತುಕೊಳ್ಳಿ. ಅವರು ಪೂಜೆಗೆ ಹೋಗಿ ಬರಲಿ.