ಕೊಳಕು ಮಂಡಲದ ಜೊತೆ ಹೆಸರು ಉಳಿದ ಡಾಕ್ಟರ್



ಹೋದ ಸುಗ್ಗಿಯಲ್ಲಿ ನಮ್ಮ ಕಣದ ಹುಲ್ಲಿನ ಮೆದೆ ಕೆಳಗೆ ಒಂದು ದಪ್ಪ ಹಾವು ಸುತ್ತಿಕೊಂಡು ಮಲಗಿತ್ತು. ಹೆಬ್ಬಾವಿನ ಮರಿ, ಏನೂ ಮಾಡೋದಿಲ್ಲ ಅಂತ ನಮ್ಮ ಚಿಕ್ಕಪ್ಪ ಬಾಲಕ್ಕೆ ಕೈ ಹಾಕೋಕೆ ಹೋದರು. ಅದು ಜೋರಾಗಿ ಬುಸ್ ಅಂತು. ಅಷ್ಟರಲ್ಲಿ ಅಜ್ಜ ಓಡಿ ಬಂದು ಚಿಕ್ಕಪ್ಪನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಅದು ಕೊಳಕು ಮಂಡಲ! ಅಜ್ಜ ಒಂದು ಗಳಿಗೆ ತಡವಾಗಿ ಬಂದಿದ್ದರೆ ಏನಾಗ್ತಿತ್ತೋ ನೆನೆಸಿದರೆ ಈಗಲೂ ಮೈ ಜುಂ ಅನ್ನುತ್ತೆ.

ಆ ಹಾವಿಗೆ ಇಂಗ್ಲಿಷಿನಲ್ಲಿ ರಸೆಲ್ಸ್ ವೈಪರ್ ಅಂತಾರೆ. ಈ ರಸೆಲ್ ಯಾರು ಅಂತ ನಮ್ಮ ವಿಜ್ಞಾನದ ಮೇಷ್ಟ್ರನ್ನ ಕೇಳಿದೆ. ಅವರು ಹೇಳಿದ್ದು, ನಾನು ಪುಸ್ತಕಗಳಲ್ಲಿ ಓದಿದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಪ್ಯಾಟ್ರಿಕ್ ರಸೆಲ್ ಹುಟ್ಟಿದ್ದು 1727ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಅಲ್ಲೇ ವೈದ್ಯ ವಿದ್ಯೆ ಕಲಿತರು. ಅವರ ಅಣ್ಣ ಅಲೆಕ್ಸಾಂಡರ್ ಸಿರಿಯಾ ದೇಶದ ಅಲೆಪ್ಪೊ ಪಟ್ಟಣದಲ್ಲಿ ಡಾಕ್ಟರಾಗಿದ್ದರು. 1750ರಲ್ಲಿ ರಸೆಲ್ ಅಲ್ಲಿಗೆ ಹೋದರು. ಅಣ್ಣ ಊರಿಗೆ ಹಿಂತಿರುಗಿದ ಮೇಲೆ ಆ ಕೆಲಸ ಇವರಿಗೆ ಬಂತು. 1760ರಿಂದ 1762ರವರೆಗೆ ಅಲೆಪ್ಪೊದಲ್ಲಿ ಪ್ಲೇಗ್ ಮಾರಿ ಬಂದು ಜನ ಸತ್ತರು. ರಸೆಲ್ ಊರು ಬಿಟ್ಟು ಓಡಲಿಲ್ಲ. ರೋಗ ಹೇಗೆ ಹರಡುತ್ತೆ, ಏನೇನು ಲಕ್ಷಣ ಕಾಣುತ್ತೆ ಅಂತ ಗಮನಿಸಿ ಬರೆದಿಟ್ಟರು. ಅದು 1791ರಲ್ಲಿ ದೊಡ್ಡ ಪುಸ್ತಕವಾಗಿ ಬಂತು. ಕಣ್ಣಾರೆ ನೋಡಬೇಕು, ನೋಡಿದ್ದನ್ನ ಬರೆದಿಡಬೇಕು, ಇದೇ ಅವರ ಗುಣ.

1781ರಲ್ಲಿ ಅವರು ಭಾರತಕ್ಕೆ ಬಂದರು. ಅವರ ಸಹೋದರ ಕ್ಲಾಡ್‌ಗೆ ವಿಶಾಖಪಟ್ಟಣದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರ ಸಿಕ್ಕಿತ್ತು. ಆಗ ರಸೆಲ್‌ಗೆ 54 ವರ್ಷ. ಬೇರೆಯವರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ ಇವರು ಗಿಡ, ಮೀನು, ಹಾವು ಅಂತ ಹುಡುಕಾಟ ಶುರು ಮಾಡಿದರು. 1785ರಲ್ಲಿ ಮದರಾಸಿನ ನಿಸರ್ಗ ವಿಜ್ಞಾನಿ ಕೋನಿಗ್ ತೀರಿಕೊಂಡರು. ಆ ಕೆಲಸಕ್ಕೆ ಕಂಪನಿ ರಸೆಲ್ ಅವರನ್ನೇ ನೇಮಿಸಿತು.

ಆಗಲೂ ಈಗಿನ ಹಾಗೇ ಹೊಲ ಗದ್ದೆಯ ಬಡ ಜನಕ್ಕೆ ಹಾವಿನ ಕಾಟ. ಯಾವುದು ವಿಷದ ಹಾವು, ಯಾವುದು ಅಲ್ಲ? ಸರಿಯಾಗಿ ತಿಳಿಸುವ ಪುಸ್ತಕ ಇರಲಿಲ್ಲ. ರಸೆಲ್ ಹಾವುಗಳನ್ನು ತರಿಸಿದರು. ಪ್ರತಿಯೊಂದರ ಬಾಯಿ ಬಿಡಿಸಿ ಹಲ್ಲು ನೋಡಿದರು. ಹೊಟ್ಟೆ ಮೇಲಿನ, ಬಾಲದ ಮೇಲಿನ ಪೊರೆಹಲ್ಲೆಗಳನ್ನು ಎಣಿಸಿದರು. ಹಾವು ಕಚ್ಚಿದರೆ ಏನಾಗುತ್ತೆ ಅಂತ ತಿಳಿಯೋಕೆ ನಾಯಿ, ಕೋಳಿಗಳ ಮೇಲೆ ಪರೀಕ್ಷೆ ಮಾಡಿದರು. ಓದುವಾಗ ನನಗೆ ಆ ಪ್ರಾಣಿಗಳ ಬಗ್ಗೆ ಅಯ್ಯೋ ಅನ್ನಿಸಿತು. ಆಗ ಹೆಸರುವಾಸಿಯಾಗಿದ್ದ ತಂಜಾವೂರು ಗುಳಿಗೆಯನ್ನೂ ಜನರ ಮಾತು ಕೇಳಿ ಸುಮ್ಮನಾಗದೆ ಅವರು ಪರೀಕ್ಷಿಸಿದರು.

ಅವರಿಗೆ ಸಿಕ್ಕ ಒಂದು ಹಾವನ್ನು ತೆಲುಗು ಜನ ಕಟುಕ ರೇಕುಲ ಪೊಡ ಅಂತಿದ್ದರು. ಅದೇ ನಮ್ಮ ಕೊಳಕು ಮಂಡಲ. ವಿಷದಲ್ಲಿ ಇದು ನಾಗರ ಹಾವಿಗೆ ಮಾತ್ರ ಎರಡನೆಯದು ಅಂತ ರಸೆಲ್ ತೀರ್ಮಾನಿಸಿದರು. ಊರ ಜನ ಕರೆಯುವ ಹೆಸರನ್ನೇ ಅವರು ಪುಸ್ತಕದಲ್ಲಿ ಹಾಕುತ್ತಿದ್ದರು. ಇನ್ನೊಂದು ಹಾವಿಗೆ ಅವರು ಬರೆದ ತೆಲುಗು ಹೆಸರಲ್ಲಿ ಬಂಗಾರು ಅನ್ನೋ ಮಾತಿದೆ. ಅದರಿಂದಲೇ ಕಟ್ಟು ಹಾವುಗಳ ಗುಂಪಿಗೆ ವಿಜ್ಞಾನದಲ್ಲಿ ಬಂಗಾರಸ್ ಅಂತ ಹೆಸರಾಯ್ತು. ನಮ್ಮ ಬಂಗಾರವೇ ಅದು!

1789ರಲ್ಲಿ ಅವರು ಇಂಗ್ಲೆಂಡಿಗೆ ಮರಳಿದರು. 1796ರಲ್ಲಿ ಕೋರಮಂಡಲ ತೀರದ ಹಾವುಗಳ ಪುಸ್ತಕ ಬಂತು. 40ಕ್ಕೂ ಹೆಚ್ಚು ಹಾವುಗಳ ಚಿತ್ರಕ್ಕೆ ಕೈಯಿಂದಲೇ ಬಣ್ಣ ಹಾಕಿದ್ದರು. ಮರುವರ್ಷ, 1797ರಲ್ಲಿ, ಜಾರ್ಜ್ ಷಾ ಎಂಬ ವಿಜ್ಞಾನಿ ಕೊಳಕು ಮಂಡಲಕ್ಕೆ ರಸೆಲ್ ಅವರ ಹೆಸರನ್ನೇ ಇಟ್ಟರು.

ವಯಸ್ಸಾದರೂ ರಸೆಲ್ ಸುಮ್ಮನೆ ಕೂರಲಿಲ್ಲ. 1804ರಲ್ಲಿ ಎವರಾರ್ಡ್ ಹೋಮ್ ಎಂಬ ಸರ್ಜನ್ ಜೊತೆ ನಾಗರ ಹಾವಿನ ಹೆಡೆ ಬಗ್ಗೆ ಬರೆದರು. ಹೆಡೆ ಅಂದ್ರೆ ಗಾಳಿ ತುಂಬಿದ ಚೀಲ ಅಲ್ಲ. ಕತ್ತಿನ ಉದ್ದ ಪಕ್ಕೆಲುಬುಗಳನ್ನು ಸ್ನಾಯುಗಳು ಅಗಲಿಸಿದಾಗ ಚರ್ಮ ಕೊಡೆ ಬಿಚ್ಚಿದ ಹಾಗೆ ಹರಡಿಕೊಳ್ಳುತ್ತೆ. ಕೆಲವು ವಿಷದ ಹಾವುಗಳಿಗೆ ಕಣ್ಣು ಮತ್ತು ಮೂಗಿನ ಹೊಳ್ಳೆ ನಡುವೆ ಇರುವ ಗುಳಿಯ ಬಗ್ಗೆಯೂ ಅದೇ ವರ್ಷ ಬರೆದರು. ಕತ್ತಲಲ್ಲಿ ಇಲಿಯ ಮೈಶಾಖ ತಿಳಿಯೋದು ಆ ಗುಳಿಯಿಂದ ಅಂತ ಗೊತ್ತಾಗಿದ್ದು ನೂರಕ್ಕೂ ಹೆಚ್ಚು ವರ್ಷದ ಮೇಲೆ.

ರಸೆಲ್ ಮದುವೆಯಾಗಲಿಲ್ಲ. 1805ರ ಜುಲೈ 2ರಂದು ತೀರಿಕೊಂಡರು. ಅವರ ಎರಡನೇ ಸಂಪುಟದ ಕೊನೆಯ ಭಾಗಗಳು ಅಚ್ಚಾಗಿದ್ದು ಅವರು ಸತ್ತ ಮೇಲೆ.

ಗೆಳೆಯರೇ, ನಮ್ಮ ಸೀಮೆಯ ವಿಷದ ಹಾವುಗಳಲ್ಲಿ ಎರಡು ಕುಟುಂಬ ಮುಖ್ಯ. ನಾಗರ, ಕಟ್ಟು ಹಾವು ಒಂದು ಕುಟುಂಬ. ಇವುಗಳ ವಿಷದ ಹಲ್ಲು ಚಿಕ್ಕದು, ಮಡಚೋದಿಲ್ಲ. ಇವುಗಳ ವಿಷ ನರಕ್ಕೆ ಏರಿ ರೆಪ್ಪೆ ಇಳಿಯುತ್ತೆ, ಉಸಿರು ಕಟ್ಟುತ್ತೆ. ಕೊಳಕು ಮಂಡಲ, ಗರಗಸ ಮಂಡಲ ಇನ್ನೊಂದು ಕುಟುಂಬ. ಇವುಗಳ ವಿಷದ ಹಲ್ಲು ಉದ್ದ. ಬಾಯಿ ಮುಚ್ಚಿದಾಗ ಚೂರಿಯ ಹಾಗೆ ಒಳಕ್ಕೆ ಮಡಚಿಕೊಳ್ಳುತ್ತೆ. ಇವುಗಳ ವಿಷ ರಕ್ತ ಕೆಡಿಸುತ್ತೆ. ಹೆಬ್ಬಾವಿಗೆ ವಿಷದ ಹಲ್ಲೇ ಇಲ್ಲ. ಕೊಳಕು ಮಂಡಲದ ಮೈಮೇಲೆ ಸರಪಳಿಯಂಥ ಮಚ್ಚೆಗಳು ಮೂರು ಸಾಲಾಗಿರುತ್ತೆ, ಹೆಬ್ಬಾವಿನ ಮಚ್ಚೆ ಅಡ್ಡಾದಿಡ್ಡಿ.

ಆದರೂ ಮಚ್ಚೆ ನೋಡೋಕೆ ಅಂತ ಯಾರೂ ಹತ್ತಿರ ಹೋಗಬೇಡಿ. ಎಲ್ಲ ವಿಷದ ಹಾವಿಗೂ ಒಂದೇ ಹೊರಗುರುತು ಅನ್ನೋದು ಇಲ್ಲ. ತಲೆ ತ್ರಿಕೋನವಾಗಿದ್ದರೆ ಮಾತ್ರ ವಿಷ ಅನ್ನೋದು ತಪ್ಪು, ಕಟ್ಟು ಹಾವಿನ ತಲೆ ಹಾಗಿಲ್ಲ. ಹಾವುಗಳ ನಡುವೆ ವರ್ಷಗಟ್ಟಲೆ ಕಳೆದ ರಸೆಲ್ ಅವರೇ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ದೂರದಿಂದ ನೋಡಿ ಅಂದಾಜು ಹೇಳೋಕೆ ನಾವ್ಯಾರು? ಹಾವು ಕಚ್ಚಿದರೆ ಕೊಯ್ಯಬೇಡಿ, ಬಾಯಲ್ಲಿ ಚೀಪಬೇಡಿ, ಹಗ್ಗ ಬಿಗಿಯಬೇಡಿ, ಮಂತ್ರ ಅಂತ ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲು ಅಲ್ಲಾಡಿಸದೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾನು ಹೇಳಿದ ನಾಲ್ಕೂ ವಿಷದ ಹಾವಿಗೆ ಒಂದೇ ಇಂಜೆಕ್ಷನ್ ಇದೆ. ರಸೆಲ್ ಕಾಲದಲ್ಲಿ ಅದು ಇರಲಿಲ್ಲ.

ಈಗ ಚಿಕ್ಕಪ್ಪ ಹುಲ್ಲು ಹಿರಿಯೋಕೆ ಮುಂಚೆ ಉದ್ದ ಕೋಲಿನಿಂದ ಮೆದೆ ತಟ್ಟುತ್ತಾರೆ. ನೀವೂ ಮನೆಯಲ್ಲಿ ಹೇಳಿ.

— 9ನೇ ತರಗತಿಯ ವಿದ್ಯಾರ್ಥಿ