ಕಾಡಿನ ನಾಡಿ ಹಿಡಿದ ವೈದ್ಯ

ಕಾಡಿಗೂ ನೀರಿಗೂ ನಂಟುಂಟೆಂಬುದು ಮಲೆನಾಡಿನ ಒಕ್ಕಲು ಮಕ್ಕಳಿಗೆ ಹೊಸ ಸಂಗತಿಯಲ್ಲ. ಬೆಟ್ಟದ ನೆತ್ತಿಯ ಮರಗಳನ್ನು ಕಡಿದರೆ ತಪ್ಪಲಿನ ಊಟೆ ಬತ್ತುವುದೆಂದು ಅವರು ಕಂಡು ಅರಿತವರು. ಆದರೆ ಈ ಅರಿವನ್ನು ವಿದ್ವಾಂಸರ ಸಭೆಯ ಮುಂದಿಟ್ಟು, ಆಳುವವರ ಕಿವಿಗೆ ಮುಟ್ಟಿಸುವುದು ಬೇರೆಯೇ ಕಾರ್ಯ. ಅದನ್ನು ಕೈಗೊಂಡವರಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಪ್ರಮುಖರು.

ಕ್ಲೆಗ್‌ಹಾರ್ನ್ 1820ರಲ್ಲಿ ಮದರಾಸಿನಲ್ಲಿ ಜನಿಸಿದರು. ಎಳವೆಯಲ್ಲಿಯೇ ಅವರನ್ನು ಸ್ಕಾಟ್ಲೆಂಡಿಗೆ ಕಳುಹಿಸಲಾಯಿತು. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ, 1842ರಲ್ಲಿ ಅವರು ಮದರಾಸಿಗೆ ಮರಳಿದರು. ಕೆಲಕಾಲದ ಅನಂತರ ಮೈಸೂರು ಸೀಮೆಯ ಶಿವಮೊಗ್ಗೆಗೆ ಅವರ ನೇಮಕವಾಯಿತು. ಆಗ ಮೈಸೂರಿನ ಆಡಳಿತವು ಅರಸರ ಕೈತಪ್ಪಿ ಬ್ರಿಟಿಷ್ ಕಮಿಷನರರ ವಶದಲ್ಲಿತ್ತು.

ರೋಗಿಗಳ ಚಿಕಿತ್ಸೆಯ ನಡುವೆ ಅವರು ದಿನಕ್ಕೊಂದು ಗಿಡವನ್ನಾದರೂ ಪರೀಕ್ಷಿಸಿ ನೋಡುವ ವ್ರತ ತೊಟ್ಟರು. ಈ ದೇಶದ ಚಿತ್ರಕಾರರಿಂದ ಗಿಡಗಳ ಚಿತ್ರಗಳನ್ನು ಬರೆಯಿಸಿದರು. ಎಲೆ, ಹೂ, ಕಾಯಿಗಳನ್ನು ಕಂಡಂತೆಯೇ ಮೂಡಿಸಿದ ಆ ಚಿತ್ರಗಳು ಇಂದಿಗೂ ಎಡಿನ್‌ಬರೋ ಸಸ್ಯೋದ್ಯಾನದ ಸಂಗ್ರಹದಲ್ಲಿವೆ. ಗಿಡಗಳನ್ನು ಅರಸುತ್ತ ಅಲೆದ ವೈದ್ಯರ ಕಣ್ಣಿಗೆ ಬರಿದಾಗುತ್ತಿದ್ದ ಬೆಟ್ಟಗಳೂ ಬಿದ್ದವು.

1848ರಲ್ಲಿ ಅನಾರೋಗ್ಯದ ನಿಮಿತ್ತ ಕ್ಲೆಗ್‌ಹಾರ್ನ್ ಸ್ವದೇಶಕ್ಕೆ ತೆರಳಿದರು. ಎರಡು ವರ್ಷಗಳ ಬಳಿಕ ಬ್ರಿಟಿಷ್ ವಿಜ್ಞಾನ ಸಂಘವು ಉಷ್ಣವಲಯದ ಕಾಡುಗಳ ನಾಶದಿಂದ ಆಗುವ ಪರಿಣಾಮಗಳನ್ನು ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಿತು. 1851ರಲ್ಲಿ ಇಪ್ಸ್‌ವಿಚ್ ನಗರದ ಅಧಿವೇಶನಕ್ಕೆ ಅದರ ವರದಿ ಸಲ್ಲಿತು. ನಾನಾ ಪ್ರಾಂತಗಳ ಅಧಿಕಾರಿಗಳು ಕಂಡು ಬರೆದುದೆಲ್ಲವೂ ಅದರಲ್ಲಿ ಒಟ್ಟುಗೂಡಿತ್ತು. ಕಾಡು ಕಡಿದೊಡನೆ ಎಲ್ಲೆಡೆಯೂ ಮಳೆ ಕುಗ್ಗುವುದೆಂದು ವರದಿಯು ದುಡುಕಿ ಸಾರಲಿಲ್ಲ. ಮಣ್ಣಿನ ತೇವವನ್ನೂ ನೀರಿನ ಸೆಲೆಗಳನ್ನೂ ಕಾಯುವುದರಲ್ಲಿ ಮರಗಳಿಗಿರುವ ಪಾತ್ರವನ್ನು ಮಾತ್ರ ಬಲವಾಗಿ ಎತ್ತಿ ತೋರಿಸಿತು. ತಿಳಿದುದನ್ನೂ ತಿಳಿಯದುದನ್ನೂ ಬೇರೆಬೇರೆಯಾಗಿಟ್ಟ ಈ ಸಂಯಮವೇ ಅದರ ಹಿರಿಮೆ.

ಭಾರತಕ್ಕೆ ಹಿಂದಿರುಗಿ ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸುತ್ತಿದ್ದ ಕ್ಲೆಗ್‌ಹಾರ್ನರು 1856ರಲ್ಲಿ ಆ ಪ್ರಾಂತದ ಅರಣ್ಯ ಸಂರಕ್ಷಕರಾದರು. ಉತ್ತರ ಕನ್ನಡವು 1862ರವರೆಗೂ ಮದರಾಸು ಪ್ರಾಂತಕ್ಕೇ ಸೇರಿತ್ತು. ಮುಂಬಯಿ ಪ್ರಾಂತದ ಧಾರವಾಡ ಸೀಮೆಯಲ್ಲಿದ್ದ ಹಾನಗಲ್ಲು, ಶಿಗ್ಗಾವಿಗಳ ಪಡುವಣ ಕಾಡುಗಳು ಹೀಗೆ ಅವರ ಆಡಳಿತಕ್ಕೆ ಬಂದವು. ಅದು ರೈಲುಹಾದಿಗಳು ಹಬ್ಬುತ್ತಿದ್ದ ಕಾಲ. ಹಳಿಗಳ ಕೆಳಗೆ ಹಾಸಲು ದಿಮ್ಮಿ ಬೇಕು, ಹಡಗು ಕಟ್ಟಲು ತೇಗ ಬೇಕು, ಉರುವಲಿಗೆ ಸೌದೆ ಬೇಕು. ಬೇಡಿಕೆಗೆ ಮಿತಿಯಿರಲಿಲ್ಲ.

ಕ್ಲೆಗ್‌ಹಾರ್ನರ ದೃಷ್ಟಿಯಲ್ಲಿ ಕುಮರಿ ಬೇಸಾಯವೂ ದೊಡ್ಡ ಕೇಡು. ಕಾಡಿನ ತುಂಡೊಂದನ್ನು ಕಡಿದು ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತಿ, ಒಂದೆರಡು ಬೆಳೆ ತೆಗೆದು, ಮತ್ತೊಂದು ತುಂಡಿಗೆ ಸಾಗುವುದು ಅದರ ಕ್ರಮ. 1860ರಲ್ಲಿ ಅಪ್ಪಣೆಯಿಲ್ಲದೆ ಸರಕಾರಿ ಕಾಡಿನಲ್ಲಿ ಕುಮರಿ ಮಾಡಕೂಡದೆಂದು ಮದರಾಸು ಸರಕಾರವು ಆಜ್ಞಾಪಿಸಿತು. ಇಲ್ಲಿ ನ್ಯಾಯದ ತಕ್ಕಡಿ ಸಮನಾಗಿರಲಿಲ್ಲವೆಂದೇ ಹೇಳಬೇಕು. ರೈಲಿಗಾಗಿ ಬಿದ್ದ ಮರ ಪ್ರಗತಿಯ ಲೆಕ್ಕಕ್ಕೆ ಸಂದಿತು. ರಾಗಿಗಾಗಿ ಬಿದ್ದ ಮರ ಅಪರಾಧವಾಯಿತು. ಬೇರೆ ಭೂಮಿಯಿಲ್ಲದ ಗುಡ್ಡಗಾಡಿನ ಬಡವರು ಅದರ ಬೆಲೆ ತೆತ್ತರು.

ಮುಂದೆ ಅವರು ಪಂಜಾಬು ಮತ್ತು ಪಶ್ಚಿಮ ಹಿಮಾಲಯದ ಕಾಡುಗಳನ್ನೂ ಪರಿಶೀಲಿಸಿ, ನಿವೃತ್ತರಾಗಿ ಸ್ಕಾಟ್ಲೆಂಡಿನಲ್ಲಿ ನೆಲೆಸಿ, 1895ರಲ್ಲಿ ತೀರಿಕೊಂಡರು. ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡು ಶಾಖವನ್ನು ಹೀರಿಕೊಳ್ಳುವುದೆಂದು ಟಿಂಡಾಲರು 1859ರಲ್ಲಿಯೇ ಪ್ರಯೋಗದಿಂದ ತೋರಿಸಿದ್ದರು. ಆ ಅನಿಲ ಹೆಚ್ಚಿದರೆ ಭೂಮಿಯ ಬಿಸಿ ಎಷ್ಟು ಏರುವುದೆಂದು ಸ್ವೀಡನ್ನಿನ ಅರೀನಿಯಸರು ಲೆಕ್ಕ ಹಾಕಿದ್ದು 1896ರಲ್ಲಿ, ಕ್ಲೆಗ್‌ಹಾರ್ನರು ತೀರಿದ ಮರುವರ್ಷ. ಕಾರ್ಖಾನೆಗಳ ಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗದಷ್ಟಿದ್ದ ಈ ಅನಿಲ ಇಂದು 420ನ್ನು ಮೀರಿದೆ. ಬಹುಪಾಲು ಕಲ್ಲಿದ್ದಲು, ಎಣ್ಣೆಗಳ ಹೊಗೆಯಿಂದ ಬಂದುದಾದರೂ, ಕಡಿದು ಸುಟ್ಟ ಕಾಡುಗಳ ಪಾಲೂ ಅದರಲ್ಲಿ ಸೇರಿದೆ.